ಆರು ತೂತಿನ ಡಬ್ಬಿ

ನಮ್ಮ ಮನೆಯಲ್ಲಿ ಆರು ತೂತಿನ ಒಂದು ಸ್ಟೀಲ್ ಡಬ್ಬಿ ಇದೆ. ಡಬ್ಬಿಗೆ ತೂತಿರಬಾರದು ಎಂಬ ತಿಳಿವಳಿಕೆ ನನಗಿಲ್ಲವೆಂದು ನನ್ನ ಹೆಂಡತಿ ಮದುವೆಯಾದ ವರ್ಷವೇ ತೀರ್ಮಾನಿಸಿದ್ದಾಳೆ. ಹೋದ ವಾರ ಅಟ್ಟ ಗುಡಿಸುವಾಗ ಅದು ಮತ್ತೆ ಅವಳ ಕೈಗೆ ಸಿಕ್ಕಿತು. ಬೀದಿಯಲ್ಲಿ ಹಳೆ ಪಾತ್ರೆಗೆ ಹೊಸ ಪಾತ್ರೆ ಕೊಡುವವನು ಕೂಗುತ್ತ ಹೋಗುವ ಹೊತ್ತೂ ಅದೇ ಆಗಬೇಕೆ.

"ಏನ್ರೀ, ಇದನ್ನ ಕೊಟ್ಟು ಒಂದು ಜಾಲರಿ ಸೌಟಾದ್ರೂ ತಗಳ್ಲಾ? ಹೆಂಗೂ ಅರ್ಧ ಜಾಲರಿ ನೀವೇ ಮಾಡೀರಿ," ಎಂದಳು.

"ಅದು ಊಟದ ಡಬ್ಬಿ ಅಲ್ಲ, ಕಂಪ್ರೆಸರ್ ಪೆಡಲ್ಲು," ಎಂದೆ, ನೂರನೆಯ ಸಲ.

"ಕಂಪ್ರೆಸರ್ ಫ್ರಿಜ್ಜಿನಾಗೆ ಇರ್ತದೆ. ಪೆಡಲ್ಲು ಸೈಕಲ್ಲಿಗೆ ಇರ್ತದೆ. ಇದ್ರಾಗೆ ಏನೈತೆ?"

ಡಬ್ಬಿಯ ಮೈಮೇಲೆ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ, ಅದನ್ನು ನಮ್ಮ ಸೋದರತ್ತೆಯ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು, ಅವರ ತಂದೆಯ ಹೆಸರು, ಊರು, ತಾಲೂಕು ಎಲ್ಲ ಕೆತ್ತಿದೆ. ಕೊಟ್ಟದ್ದು ಒಂದು ಡಬ್ಬಿ, ಬರೆಸಿದ್ದು ಒಂದು ಶಾಸನ. ಬಳ್ಳಿಗಾವಿಯ ಕಲ್ಲುಗಳನ್ನು ಓದಿ ಮುಗಿಸಿದ ವಿದ್ವಾಂಸರು ಮುಂದೊಂದು ದಿನ ಇದನ್ನೂ ಕೈಗೆತ್ತಿಕೊಂಡು, ದಾನ ಕೊಟ್ಟವರು ಆರು ತೂತನ್ನು ಯಾವ ಪುಣ್ಯಕ್ಕೆ ಕೊರೆಸಿದರು ಎಂದು ಪ್ರಬಂಧ ಮಂಡಿಸಬಹುದು. ಅವರಿಗೆ ತೊಂದರೆಯಾಗದಿರಲೆಂದು ನಾನೇ ಬರೆದಿಡುತ್ತಿದ್ದೇನೆ.

ಕಂಪ್ರೆಸರ್ ಎಂದರೆ ಗಿಟಾರಿಗೂ ಸ್ಪೀಕರಿಗೂ ನಡುವೆ ಕೂತು, ಜೋರಾಗಿ ಬಂದ ಸ್ವರವನ್ನು ತಗ್ಗಿಸಿ, ಮೆತ್ತಗೆ ಬಂದ ಸ್ವರವನ್ನು ಎತ್ತಿ, ಎರಡನ್ನೂ ಒಂದೇ ಮಟ್ಟಕ್ಕೆ ತರುವ ಸಾಧನ. ಕಾಲಿನಿಂದ ಒತ್ತಿ ಚಾಲೂ ಮಾಡುವುದರಿಂದ ಪೆಡಲ್. ಕೈ ಹದವಾಗಿರುವ ವಾದಕರಿಗೆ ಇದರ ಅಗತ್ಯ ಅಷ್ಟಾಗಿ ಇರುವುದಿಲ್ಲವಂತೆ. ಆದ್ದರಿಂದಲೇ ನನಗೆ ತುರ್ತಾಗಿ ಬೇಕಾಗಿತ್ತು.

ತೊಂಬತ್ತರ ದಶಕದ ನಡುಭಾಗ. ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಿಗ್ಗೆ ಮಕ್ಕಳಿಗೆ ಮೂಢನಂಬಿಕೆಯ ವಿರುದ್ಧ ಪಾಠ, ಸಂಜೆ ರುದ್ರಪ್ಪನವರ ಆರ್ಕೆಸ್ಟ್ರಾದಲ್ಲಿ ಗಿಟಾರು. ರುದ್ರಪ್ಪನವರದು ಬಟ್ಟೆ ಅಂಗಡಿ. ಆರ್ಕೆಸ್ಟ್ರಾದ ಮಾಲೀಕರು, ಮುಖ್ಯ ಗಾಯಕರು, ನಿರೂಪಕರು, ಮೆಟಡೋರ್ ವ್ಯಾನಿನ ಯಜಮಾನರು, ಎಲ್ಲ ಅವರೇ. ಹಾಡುವುದನ್ನು ಮಾತ್ರ ಬೇರೆಯವರಿಗೆ ಬಿಟ್ಟಿದ್ದರೆ ನಮ್ಮ ತಂಡ ಇನ್ನೂ ಹೆಸರು ಮಾಡುತ್ತಿತ್ತು.

ಆದರೆ ಅವರ ದೂರು ಇದ್ದದ್ದು ನನ್ನ ಮೇಲೆ. ನನ್ನ ಬಲಗೈ ಬೋರ್ಡಿನ ಮೇಲೆ ಬರೆದು ಬರೆದು ಪಳಗಿದ ಕೈ. ಸಾಲಿನ ಶುರುವಿಗೆ ಸುಣ್ಣಕಡ್ಡಿ ಮುರಿಯುವಷ್ಟು ಒತ್ತು, ಕೊನೆಗೆ ಬರುವಾಗ ಓದಲು ಕಾಣದಷ್ಟು ಸಣ್ಣ ಗೀಟು. ಗಿಟಾರನ್ನೂ ಹಾಗೆಯೇ ನುಡಿಸುತ್ತಿದ್ದೆ.

"ಮೇಷ್ಟ್ರೇ, ನಿಮ್ಮ ಗಿಟಾರು ಒಂದು ಸಲ ಹೊಡದಾಟಕ್ಕೆ ಬರ್ತೈತೆ, ಒಂದು ಸಲ ಮಕ್ಕೊಂಡ್‌ಬಿಡ್ತೈತೆ. ನಾನು ಯಾವುದರ ಜೊತಿಗೆ ಹಾಡ್ಲಿ ಹೇಳ್ರಿ?" ಎಂದರು ರುದ್ರಪ್ಪನವರು.

ಮಾನವಂತನಾದವನು ಇಂಥ ಮಾತು ಕೇಳಿದ ಮೇಲೆ ದಿನಕ್ಕೆರಡು ಗಂಟೆ ಅಭ್ಯಾಸ ಮಾಡುತ್ತಿದ್ದ. ನಾನು ಬಿ.ಎಸ್ಸಿ. ಓದಿದವನು. ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಮಾಸಪತ್ರಿಕೆ ಕೊಂಡು, ಅದರಲ್ಲಿದ್ದ ಕಂಪ್ರೆಸರಿನ ನಕ್ಷೆ ಹರಿದುಕೊಂಡು, ಸೊರಬದ ಮಂಜಪ್ಪನ ಅಂಗಡಿಗೆ ಹೋದೆ.

ಮಂಜಪ್ಪನದು ಸೊರಬದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಅಂಚೆಯಲ್ಲಿ ಪಾಠ ತರಿಸಿಕೊಂಡು ಕಲಿತ ವಿದ್ಯೆ. ವಯಸ್ಸಿನಲ್ಲಿ ನನ್ನ ಓರಗೆ. ಮಾತಿನಲ್ಲಿ ನನ್ನ ಹತ್ತರಲ್ಲಿ ಒಂದು ಪಾಲೂ ಇಲ್ಲ. ರಿಪೇರಿ ಮಾಡಿದ ಪ್ರತಿ ಸೆಟ್ಟಿನ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ತಾರೀಕು ಬರೆದು, 'ಮಂ' ಎಂದು ಸಹಿ ಹಾಕುವುದು ಅವನ ರೂಢಿ. ಮತ್ತೆ ಅದೇ ದೋಷಕ್ಕೆ ವಾಪಸ್ ಬಂದರೆ ಆ ತಾರೀಕು ತೋರಿಸಿ ಕೇಳಬಹುದು. ಹಾಗೆ ಕೇಳುವವರು ಬಹಳ ಜನ ಇರಲಿಲ್ಲ. ಸೊರಬದಲ್ಲಿ ಹಳೆಯ ರೇಡಿಯೊ ಮಾರುವಾಗ ಹಿಂದಿನ ಮುಚ್ಚಳ ಬಿಚ್ಚಿ, "ಮಂಜಪ್ಪನ ಸಹಿ ಇದೆ ನೋಡಿ" ಎಂದು ಹೇಳಿ ಮಾರುತ್ತಿದ್ದರು. ಆ ಒಂದು ಪೆನ್ಸಿಲ್ ಅಕ್ಷರವೇ ಅವನ ಆಸ್ತಿ ಎನ್ನಬಹುದು.

ಮೂರು ಭಾನುವಾರ ಕೂತು ಪೆಡಲ್ ಮಾಡಿದೆವು. 'ಮಾಡಿದೆವು' ಎಂಬುದರಲ್ಲಿ ನನ್ನ ಪಾಲು ನಕ್ಷೆಯನ್ನು ಗಟ್ಟಿಯಾಗಿ ಓದಿ ಹೇಳಿದ್ದು, ಟೀ ತರಿಸಿದ್ದು. ಒಳಗಿನ ಬಿಡಿಭಾಗಗಳಲ್ಲಿ ಅರ್ಧ ಸತ್ತ ರೇಡಿಯೊಗಳಿಂದ ಬಂದವು. ಕಾಲಲ್ಲಿ ಒತ್ತುವ ಸ್ವಿಚ್ಚು ಎಲ್ಲೂ ಸಿಗದೆ, ಗುಜರಿಗೆ ಬಿದ್ದಿದ್ದ ಒಂದು ಹಳೆ ಜೀಪಿನ ಹೆಡ್‌ಲೈಟಿನ ಕಾಲಲ್ಲೇ ತುಳಿಯುವ ಡಿಮ್ಮರ್ ಸ್ವಿಚ್ಚು ತಂದು ಕೂರಿಸಿದ. ಜೀಪಿನ ಡ್ರೈವರಿಗೇ ಬಗ್ಗದ ಸ್ವಿಚ್ಚು ನನ್ನ ಕಾಲಿಗೆ ಬಗ್ಗೀತೆಂಬ ಭಯವಿರಲಿಲ್ಲ. ಡಬ್ಬಿ ಮಾತ್ರ ನಮ್ಮ ಮನೆಯದು, ಅಡುಗೆಮನೆಯಿಂದ ಹೇಳದೆ ತಂದದ್ದು. ಆ ವಿಷಯದಲ್ಲಿ ನಮ್ಮವ್ವ ಆಮೇಲೆ ನನಗೆ ಮಾಡಿದ ಮಂಗಳಾರತಿ ಬೇರೆಯೇ ಕತೆ.

ತಂತಿ ಬರಲೊಂದು ತೂತು, ಹೋಗಲೊಂದು, ಸ್ವಿಚ್ಚಿಗೊಂದು, ತಿರುಗಿಸುವ ಗುಂಡಿಗಳಿಗೆ ಎರಡು. ಆರನೆಯದು ಮುಚ್ಚಳದ ನಡುವೆ ಕಾಳುಮೆಣಸು ಇಳಿಯುವಷ್ಟು ಸಣ್ಣದು. ಅದರೊಳಗೆ ಸ್ಕ್ರೂಡ್ರೈವರ್ ಇಳಿಸಿ, ಕೆಳಗೇ ಇದ್ದ ಒಂದು ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸ್ವರ ಚೊಕ್ಕವಾಗುತ್ತಿತ್ತು. ಅದು ಚೂರು ಜರುಗಿದರೂ ಸ್ವರ ಒಡೆಯುತ್ತಿತ್ತು. ಮಂಜಪ್ಪ ಉಸಿರು ಹಿಡಿದು ತಿರುಗಿಸಿದ. ನಾನು ನುಡಿಸಿದೆ. ಮೊದಲ ಸ್ವರವೂ ಕೊನೆಯ ಸ್ವರವೂ ಒಂದೇ ತೂಕ.

"ಆತು," ಎಂದ ಮಂಜಪ್ಪ. ಮುಚ್ಚಳ ಹಾಕುವ ಮೊದಲು ಒಳಗೆ ಪೆನ್ಸಿಲ್ಲಿನಿಂದ ತಾರೀಕು ಹಾಕಿ ಸಹಿ ಮಾಡಿದ.

ಮೊದಲ ಕಾರ್ಯಕ್ರಮ ಶಿಕಾರಿಪುರದಲ್ಲೇ, ಗಣಪತಿ ಪೆಂಡಾಲಿನ ಮುಂದೆ. ಮಧ್ಯಾಹ್ನ ಮೈಕ್‌ಸೆಟ್ಟಿನವರು ಬಂದಾಗ ಪರೀಕ್ಷೆ ಮಾಡಿದೆವು. ಪೆಡಲ್ ಒತ್ತಿ ನುಡಿಸಿದರೆ ಹಾಲು ಕೆನೆ. ರುದ್ರಪ್ಪನವರು ಕೂಡ ತಲೆದೂಗಿದರು. ಸಂಜೆ ಏಳಕ್ಕೆ ಜನ ಸೇರಿದರು. ಮೊದಲ ಹಾಡಿಗೆ ಪೆಡಲ್ ಒತ್ತಿದೆ. ಡಬ್ಬಿಯೊಳಗೆ ಯಾರೋ ಕೂತು ಹಪ್ಪಳ ಮುರಿಯುತ್ತಿರುವಂಥ ಸದ್ದು ಹಾರ್ನುಗಳಿಂದ ಹೊರಟು ಇಡೀ ಪೇಟೆಗೆ ಕೇಳಿಸಿತು. ಪೆಡಲ್ ಆರಿಸಿದರೆ ಗಿಟಾರು ಸರಿ, ಒತ್ತಿದರೆ ಹಪ್ಪಳ.

ಭಾನುವಾರ ಸೊರಬದ ಬಸ್ಸು ಹತ್ತಿ ಮಂಜಪ್ಪನ ಮುಂದೆ ಡಬ್ಬಿ ಇಟ್ಟೆ. ಅವನ ಅಂಗಡಿಯ ಸ್ಪೀಕರಿಗೆ ಜೋಡಿಸಿ ನುಡಿಸಿದರೆ ಮತ್ತೆ ಹಾಲು ಕೆನೆ. ಎರಡು ಗಂಟೆ ಎಡೆಬಿಡದೆ ನುಡಿಸುವಂತೆ ಮಾಡಿದ. ಒಂದು ಸ್ವರವೂ ಒಡೆಯಲಿಲ್ಲ. ಮುಚ್ಚಳ ತೆಗೆದು, ಒಳಗೆ ಕೂತಿದ್ದ ಸ್ವಲ್ಪ ಧೂಳನ್ನು ಬಾಯಿಂದ ಊದಿ ಹಾರಿಸಿ, "ನಂಗೆ ಎಂತದೂ ಕಾಣ್ತಿಲ್ಲ ಮೇಷ್ಟ್ರೆ," ಎಂದ.

ಹಲ್ಲುನೋವು ವೈದ್ಯರ ಬಾಗಿಲಲ್ಲಿ ಮಾಯವಾಗುವುದನ್ನು ನೀವೂ ಕಂಡಿರುತ್ತೀರಿ. ಆದರೆ ಡಬ್ಬಿಗೆ ನರ ಇಲ್ಲ, ನಾಚಿಕೆ ಇಲ್ಲ, ವೈದ್ಯರ ಹೆದರಿಕೆಯೂ ಇಲ್ಲ. ವಿಜ್ಞಾನದ ಮೇಷ್ಟ್ರಾಗಿ ನಾನು ಹಲವು ಸಿದ್ಧಾಂತಗಳನ್ನು ಮಂಡಿಸಿದೆ. ಸಂಜೆ ಊರವರೆಲ್ಲ ದೀಪ ಹಾಕುವುದರಿಂದ ಕರೆಂಟು ಬೀಳುತ್ತದೆ ಎಂದೆ. "ಇದು ನಡೆಯೋದು ಸೆಲ್ಲಿನ ಮೇಲೆ," ಎಂದು ಮಂಜಪ್ಪ ನೆನಪಿಸಿದ. ಶಿರಾಳಕೊಪ್ಪದ ರಸ್ತೆಯ ಕುಲುಕಾಟಕ್ಕೆ ಒಳಗೆ ಏನೋ ಸಡಿಲವಾಗುತ್ತದೆ ಎಂದೆ. "ಕುಲುಕ್ಕಂಡೇ ಅಲ್ದ ಇಲ್ಲಿಗೂ ಬಂದಿದ್ದು," ಎಂದ. ವಿಜ್ಞಾನಕ್ಕೆ ಅವನಲ್ಲಿ ಗೌರವ ಸಾಲದು ಅನ್ನಿಸಿತು.

ರುದ್ರಪ್ಪನವರದು ನೇರ ಸಿದ್ಧಾಂತ. "ನಿಮ್ಮ ಗಿಟಾರಿಗೆ ದೃಷ್ಟಿ ಆಗೈತ್ರಿ. ದೇವರ ಮೇಲೆ ಭಾರ ಹಾಕಿ ನುಡಸ್ರಿ." ನನ್ನ ಗಿಟಾರಿನ ಮೇಲೆ ಕಣ್ಣು ಹಾಕುವಷ್ಟು ದುರ್ಗತಿ ಯಾರಿಗೆ ಬಂದಿದೆ ಎಂದು ನಾನು ನಕ್ಕುಬಿಟ್ಟೆ. ಮಾರನೆಯ ದಿನ ಒಂಬತ್ತನೇ ತರಗತಿಯಲ್ಲಿ ದೃಷ್ಟಿ ತೆಗೆಯುವುದರ ಬಗ್ಗೆ ನಲವತ್ತು ನಿಮಿಷ ಗೇಲಿ ಮಾಡಿದೆ.

ಎರಡನೆಯ ಕಾರ್ಯಕ್ರಮ ಸೊರಬದಲ್ಲಿ. ಮಂಜಪ್ಪನ ಊರು. ಬೆಸುಗೆ ಬಿಟ್ಟಿರಬಹುದೆಂದು ಅವನು ಹಿಂದಿನ ವಾರವೇ ಪ್ರತಿಯೊಂದು ಸೋಲ್ಡರನ್ನೂ ಕರಗಿಸಿ ಹೊಸದಾಗಿ ಹಾಕಿದ್ದ. ಆವತ್ತು ಅಂಗಿ ಇಸ್ತ್ರಿ ಮಾಡಿಸಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಬಂದು ಎರಡನೆಯ ಸಾಲಿನಲ್ಲಿ ಕೂತಿದ್ದ. ಮಧ್ಯಾಹ್ನದ ಪರೀಕ್ಷೆಯಲ್ಲಿ ಎಲ್ಲ ಸರಿ. ಏಳು ಗಂಟೆಗೆ ಹಪ್ಪಳ.

ಜನ ನಗತೊಡಗಿದರು. ಹಿಂದಿನಿಂದ ಒಬ್ಬ, "ಗಿಟಾರಿಗೆ ಗಂಟಲು ಕಟ್ಟಿದ್ಯ?" ಎಂದು ಕೂಗಿದ. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಒಂದು ವಿದ್ಯೆ. ನನಗೆ ಅದು ಬರುವುದಿಲ್ಲ. ತಮಾಷೆಯ ಮೇಷ್ಟ್ರು ಎಂದು ಹೆಸರು ಬೇರೆ ಇತ್ತಲ್ಲ, ಮೈಕು ಎಳೆದುಕೊಂಡು ಹೇಳಿದೆ: "ಕ್ಷಮಿಸಿ, ಈ ಸದ್ದು ನನ್ನದಲ್ಲ. ನಿಮ್ಮೂರ ಬಸ್‌ಸ್ಟ್ಯಾಂಡ್ ಪಕ್ಕದ ರೇಡಿಯೊ ಅಂಗಡಿಯದು. ಸಹಿ ಬೇಕಾದರೆ ಒಳಗಿದೆ, ತೋರಿಸುತ್ತೇನೆ."

ಹೊಟ್ಟೆ ಹಿಡಿದು ನಕ್ಕರು. ಆ ಸಂಜೆ ನಮ್ಮ ತಂಡದ ಯಾವ ಹಾಡಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ಕಣ್ಣೆತ್ತಿ ನೋಡುವಾಗ ಎರಡನೆಯ ಸಾಲಿನಲ್ಲಿ ಎರಡು ಕುರ್ಚಿ ಖಾಲಿಯಾಗಿದ್ದವು.

ಮುಂದಿನ ಭಾನುವಾರ ಹೋದಾಗ ಮಂಜಪ್ಪ ಎಂದಿನಂತೆ ಕೂತಿದ್ದ. ಹಲಗೆಯ ಮೇಲೆ ಸಾಲಾಗಿರುತ್ತಿದ್ದ ಸೆಟ್ಟುಗಳ ನಡುವೆ ಮೂರು ಕಡೆ ಜಾಗ ಬಿಟ್ಟಿತ್ತು.

"ಎಲ್ಲಿ ಹೋದವು?" ಎಂದೆ.

"ತಗಂಡು ಹೋದ್ರು," ಎಂದ. "ರಿಪೇರಿ ಆಗಿರ್ಲಿಲ್ಲ. ಹಂಗೇ ಕೊಡು ಅಂದ್ರು, ಕೊಟ್ಟೆ."

"ನಾನು ತಮಾಷೆಗೆ ಅಂದಿದ್ದು ಮಂಜಪ್ಪ."

"ಹೌದು. ಎಲ್ಲ ನಗ್ತಿದ್ರಲ." ಇಷ್ಟು ಹೇಳಿ ಕೈ ಚಾಚಿದ. "ಡಬ್ಬಿ ಕೊಡಿ. ಇದು ಸರಿ ಆಗದೆ ನಾನು ಇನ್ನೊಂದು ಸೆಟ್ಟಿಗೆ ಸಹಿ ಹಾಕದಿಲ್ಲ."

ಕ್ಷಮಿಸು ಎಂಬ ಪದ ನನಗೆ ಗೊತ್ತಿತ್ತು. ಹೋಮ್‌ವರ್ಕ್ ಮಾಡದ ಮಕ್ಕಳಿಂದ ದಿನಕ್ಕೆ ಹತ್ತು ಸಲ ಬರೆಸುತ್ತಿದ್ದೆ. ಆದರೆ ಡಬ್ಬಿ ಕೆಟ್ಟಿರುವುದಂತೂ ನಿಜ, ಮಾಡಿದವನು ಅವನೇ ಎಂಬುದೂ ನಿಜ. ಎರಡು ನಿಜ ಕೂಡಿದ ಮೇಲೆ ನಾನೇಕೆ ತಗ್ಗಬೇಕು ಎಂದು ಒಳಗಿನ ಮೇಷ್ಟ್ರು ಕೇಳುತ್ತಿದ್ದ. ಡಬ್ಬಿ ಕೊಟ್ಟೆ.

ಮಂಜಪ್ಪನ ರೀತಿಯೆಂದರೆ ಒಂದು ಸಲಕ್ಕೆ ಒಂದೇ ವಸ್ತು ಬದಲಿಸುವುದು. ಆ ದಿನ ಅವನು ವಸ್ತುಗಳನ್ನು ಬಿಟ್ಟು ನನ್ನ ಕಡೆ ತಿರುಗಿದ. "ಇಲ್ಲಿ ಸರಿ, ಮಧ್ಯಾಹ್ನ ಸರಿ, ಸಂಜೆ ತಪ್ಪು. ಮಧ್ಯೆ ಎಂತೋ ಆಗ್ತದೆ. ಕಾರ್ಯಕ್ರಮದ ದಿನ ಎದ್ದಾಗಿಂದ ನುಡಿಸೋ ತನಕ ನೀವು ಎಂತೆಂತ ಮಾಡ್ತೀರಿ, ಒಂದೂ ಬಿಡದೆ ಬರ್ಕಂಡು ಬನ್ನಿ."

ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಸುವುದು ನನ್ನ ಕಸುಬು. ಉದ್ದೇಶ, ಉಪಕರಣಗಳು, ವಿಧಾನ ಎಂದು ಅಡಿಗೆರೆ ಎಳೆದು ನಾಲ್ಕು ಪುಟ ಬರೆದೆ. ಎದ್ದದ್ದು, ಹಲ್ಲುಜ್ಜಿದ್ದು, ಗಿಟಾರಿನ ತಂತಿ ಒರೆಸಿದ್ದು, ವ್ಯಾನಿನಲ್ಲಿ ಎಡಗಡೆ ಕೂತದ್ದು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡದ್ದು, ಸಂಜೆ ಐದೂವರೆಗೆ ಮಂಡಕ್ಕಿ ಮೆಣಸಿನಕಾಯಿ ತಿಂದದ್ದು, ಕೈ ತೊಳೆದದ್ದು, ಎರಡು ಸಲ ಮೂತ್ರಕ್ಕೆ ಹೋದದ್ದು. ಎರಡನೆಯ ಸಲದ್ದಕ್ಕೆ 'ಅಂಜಿಕೆಯಿಂದ' ಎಂದು ಆವರಣದಲ್ಲಿ ಕಾರಣವನ್ನೂ ಕೊಟ್ಟಿದ್ದೆ. ಇಷ್ಟು ಪ್ರಾಮಾಣಿಕ ದಾಖಲೆಯನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿರಲಾರ.

ಮಂಜಪ್ಪ ನಾಲ್ಕೂ ಪುಟ ಬೆರಳಿಟ್ಟು ಓದಿದ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಳಗನ್ನು ಬೆಳಕಿಗೆ ಹಿಡಿದ.

"ಪ್ರತಿ ಸಲವೂ ಈ ಧೂಳು ಇರ್ತದೆ ಮೇಷ್ಟ್ರೆ. ಮೊದಲು ರಸ್ತೆದು ಅಂದ್ಕಂಡಿದ್ದೆ. ನಮ್ಮ ರಸ್ತೆ ಧೂಳು ಕೆಂಪು. ಇದು ಬಿಳಿ."

ಇಬ್ಬರೂ ಏಕಕಾಲಕ್ಕೆ ನನ್ನ ಅಂಗಿಯ ತೋಳು ನೋಡಿದೆವು. ಅಲ್ಲಿ ಸುಣ್ಣಕಡ್ಡಿಯ ಪುಡಿ ಯಾವಾಗಲೂ ಇರುತ್ತಿತ್ತು.

ಸಮಸ್ಯೆ ಬಗೆಹರಿಯಿತೆಂದು ನಾನು ಘೋಷಿಸಿಯೇಬಿಟ್ಟೆ. ಮೇಷ್ಟ್ರ ವೃತ್ತಿಯೇ ಮೇಷ್ಟ್ರ ಕಲೆಯನ್ನು ಕೊಲ್ಲುತ್ತಿದೆ ಎಂದು ಸ್ಟಾಫ್ ರೂಮಿನಲ್ಲಿ ಒಂದು ಭಾಷಣವನ್ನೂ ಮಾಡಿದೆ. ಮೂರನೆಯ ಕಾರ್ಯಕ್ರಮ ಶಿರಾಳಕೊಪ್ಪದಲ್ಲಿ. ಆ ವಾರವೆಲ್ಲ ಹುಡುಗರ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದೆ. ಸೋಪು ಹಚ್ಚಿ ಮೊಣಕೈವರೆಗೆ ತೊಳೆದೆ. ಒಗೆದ ಅಂಗಿ, ಒಗೆದ ಪ್ಯಾಂಟು, ಡಬ್ಬಿಗೆ ಒಗೆದ ಚೀಲ. ಏಳು ಗಂಟೆಗೆ ಹಪ್ಪಳ, ಹಿಂದೆಂದಿಗಿಂತ ಗರಿಗರಿಯಾಗಿ.

ವಾಪಸ್ ಬರುವಾಗ ರುದ್ರಪ್ಪನವರು ವ್ಯಾನಿನ ಮುಂದಿನ ಸೀಟಿನಿಂದ ತಿರುಗದೆ ಹೇಳಿದರು. "ಮುಂದಿನ ತಿಂಗಳು ಸೊರಬದಾಗೆ ಯುವಕ ಸಂಘದ್ದು ಐತೆ. ಈ ಡಬ್ಬಿ ತರೋದಾದ್ರೆ ನೀವು ಬರಬ್ಯಾಡ್ರಿ ಮೇಷ್ಟ್ರೇ. ನೀವು ಬರೋದಾದ್ರೆ ಡಬ್ಬಿ ಬ್ಯಾಡ."

ಇದನ್ನು ಮಂಜಪ್ಪನಿಗೆ ಹೇಳಿದೆ. ಬಿಟ್ಟುಬಿಡೋಣ, ಏನಾದರಾಗಲಿ ಎಂದೂ ಹೇಳಿದೆ. ಅವನು ಸೋಲ್ಡರ್ ಕಡ್ಡಿಯ ತುದಿ ಒರೆಸಿಟ್ಟ. ಹಲಗೆಯ ಮೇಲೆ ಈಗ ಹೆಚ್ಚು ಜಾಗವೇ ಕಾಣುತ್ತಿತ್ತು.

"ಇದೇ ಊರಲ್ಲಿ ಕೆಟ್ಟಿದ್ದು," ಎಂದ. "ಇದೇ ಊರಲ್ಲಿ ಒಂದು ಸಲ ಸರಿಯಾಗಿ ನುಡಿಬೇಕು. ರುದ್ರಪ್ಪೋರಿಗೆ ಹೇಳಬೇಡಿ. ಡಬ್ಬಿ ತನ್ನಿ. ನಾನು ಸ್ಟೇಜಿನ ಪಕ್ಕ ಕೂರ್ತೆ, ನಿಮ್ಮನ್ನೇ ನೋಡ್ತಿರ್ತೆ."

ಹಾಗೆಯೇ ಆಯಿತು. ಯುವಕ ಸಂಘದ ಕಾರ್ಯಕ್ರಮದ ದಿನ ಮಂಜಪ್ಪ ಮಧ್ಯಾಹ್ನದಿಂದಲೇ ಬೆನ್ನಿಗೆ ಬಿದ್ದ. ನಾನು ಟೀ ಕುಡಿದರೆ ಲೋಟ ನೋಡುತ್ತಿದ್ದ. ಕರವಸ್ತ್ರ ತೆಗೆದರೆ ಕರವಸ್ತ್ರ ನೋಡುತ್ತಿದ್ದ. ಮೂತ್ರಕ್ಕೆ ಹೋದಾಗ ಗೋಡೆಯ ಈಚೆ ನಿಂತು ಕಾದ. ಏಳಕ್ಕೆ ಹತ್ತು ನಿಮಿಷವಿರುವಾಗ ವೇದಿಕೆಯ ಮಗ್ಗುಲಲ್ಲಿ ಎಲ್ಲರೂ ಸಿದ್ಧರಾಗುತ್ತಿದ್ದರು. ತಬಲದವನು ತಬಲಕ್ಕೆ ಕೈಮುಗಿದ. ರುದ್ರಪ್ಪನವರು ಗಂಟಲು ಸರಿಮಾಡಿಕೊಂಡರು. ನಾನು ಅವರ ಕಣ್ಣು ತಪ್ಪಿಸಿ ಡಬ್ಬಿಯನ್ನು ಕಾಲ ಬಳಿ ಇಟ್ಟು, ತಂತಿ ಸಿಕ್ಕಿಸಿದೆ.

ಅಷ್ಟರಲ್ಲಿ ಮಂಜಪ್ಪ ನನ್ನ ಬಲಗೈ ಮಣಿಕಟ್ಟು ಹಿಡಿದುಕೊಂಡ.

"ಮೇಷ್ಟ್ರೆ, ಇದನ್ನ ನೀವು ಬರ್ದಿರಲಿಲ್ಲ."

"ಯಾವುದನ್ನ?" ಎಂದೆ. ದೇವರಾಣೆಗೂ ನನಗೆ ಗೊತ್ತಾಗಲಿಲ್ಲ.

ಅವನು ನನ್ನ ಬೆರಳುಗಳನ್ನು ನನಗೇ ತೋರಿಸಿದ. ನಡುವಿನ ಮೂರು ಬೆರಳು ಬೆಳ್ಳಗೆ ಒದ್ದೆಯಾಗಿದ್ದವು. ಎಡಗೈಯಲ್ಲಿ ವಿಭೂತಿ ಗಟ್ಟಿ, ಅಂಗೈಯಲ್ಲಿ ನೀರು. ಹಣೆಗೆ ಆಗಲೇ ಹಚ್ಚಿಕೊಂಡಿದ್ದೆ, ಗಿಟಾರಿನ ಕತ್ತಿಗೂ ಎಳೆದಿದ್ದೆ. ಡಬ್ಬಿಯ ಮುಚ್ಚಳದ ಮೇಲೆ ಮೂರು ಗೆರೆ ಅಚ್ಚುಕಟ್ಟಾಗಿ ಆರನೆಯ ತೂತನ್ನು ದಾಟಿ ಹೋಗಿದ್ದವು. ತೂತಿನೊಳಗೆ ಒಂದು ಬಿಳಿ ಹನಿ ಇಳಿಯುತ್ತಿತ್ತು.

ಇದನ್ನು ಹೇಗೆ ವಿವರಿಸಲಿ. ನಮ್ಮ ಮನೆಯಲ್ಲಿ ಹೊಸ ವಸ್ತು ಬಂದರೂ, ಹಳೆ ವಸ್ತು ಹೊರಟರೂ ವಿಭೂತಿ ಹಚ್ಚುತ್ತಾರೆ. ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿಗೆ ದಿನವೂ ಬೆಳಿಗ್ಗೆ ಮೂರು ಗೆರೆ. ಸೈಕಲ್ಲಿನ ಹ್ಯಾಂಡಲ್ಲಿಗೆ, ಕುಕ್ಕರಿನ ಮುಚ್ಚಳಕ್ಕೆ, ಕುಕ್ಕರು ತಂದ ರಟ್ಟಿನ ಪೆಟ್ಟಿಗೆಗೆ. ಟಿ.ವಿ. ಬಂದಾಗ ನಮ್ಮವ್ವ ಗಾಜಿಗೇ ಎಳೆದುಬಿಟ್ಟಿದ್ದಳು. ದೇವರ ಗುರುತು ಒರೆಸಬಾರದೆಂದು ಬಹಳ ದಿನ ಹಾಗೆಯೇ ಬಿಟ್ಟದ್ದರಿಂದ, ದೆಹಲಿಯಿಂದ ವಾರ್ತೆ ಓದುವವರೆಲ್ಲ ನಮ್ಮ ಮನೆಯಲ್ಲಿ ವಿಭೂತಿ ಧರಿಸಿಯೇ ಓದುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ಹಾಲ್‌ಟಿಕೆಟ್ಟಿನಲ್ಲಿ ಫೋಟೋದ ಹಣೆಗೂ ಅವ್ವನೇ ಹಚ್ಚಿ ಕಳಿಸಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ನನ್ನ ಮುಖವನ್ನೂ ಚೀಟಿಯನ್ನೂ ನೋಡಿ, ಎರಡರಲ್ಲೂ ಮೂರು ಗೆರೆ ಇದ್ದದ್ದರಿಂದ ಒಪ್ಪಿಕೊಂಡರು. ಹೀಗೆ ಬೆಳೆದವನಿಗೆ ವಿಭೂತಿ ಹಚ್ಚುವುದು ಒಂದು ಕೆಲಸ ಅನ್ನಿಸುವುದಿಲ್ಲ. ಉಸಿರಾಡಿದ್ದನ್ನು ಯಾರಾದರೂ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆಯೇ?

ಮೂಢನಂಬಿಕೆಯ ವಿರುದ್ಧ ಪಾಠ ಹೇಳುತ್ತಿದ್ದ ಮೇಷ್ಟ್ರು, ಜನರ ಮುಂದೆ ಹೋಗುವ ಅಂಜಿಕೆಗೆ ಗಿಟಾರಿನ ಚೀಲದಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ತಿರುಗುತ್ತಿದ್ದ. ರುದ್ರಪ್ಪನವರು ದೃಷ್ಟಿಯ ಮಾತು ಹೇಳಿದ ಮೇಲೆ ಗೆರೆಗಳು ದಪ್ಪವೂ ಆಗಿದ್ದವು. ಶಿರಾಳಕೊಪ್ಪದಲ್ಲಂತೂ ಎರಡು ಸಲ ಎಳೆದಿದ್ದೆ. ಒದ್ದೆ ಬೂದಿಯಲ್ಲಿ ವಿದ್ಯುತ್ತು ಹರಿಯುತ್ತದೆ, ಒಣ ಬೂದಿಯಲ್ಲಿ ಹರಿಯುವುದಿಲ್ಲ. ನಾನೇ ಕಲಿಸುವ ಪಾಠ. ಹನಿ ಇಳಿದು ಆ ಪುಟ್ಟ ತಿರುಪಿನ ಮೇಲೆ ಬಿದ್ದ ಕೂಡಲೇ ಸ್ವರ ಒಡೆಯುತ್ತಿತ್ತು. ಮಂಜಪ್ಪನ ಅಂಗಡಿಗೆ ಬರುವ ಹೊತ್ತಿಗೆ ಒಣಗಿ, ಊದಿದರೆ ಹಾರುವ ಬಿಳಿ ಧೂಳಾಗಿರುತ್ತಿತ್ತು. ತಂಡದವರೆಲ್ಲ ಪ್ರತಿ ಸಲವೂ ನೋಡಿದ್ದರು. ಅದರಲ್ಲಿ ನೋಡಲು ಏನಿದೆ ಎಂದು ಅವರಿಗೂ ಅನ್ನಿಸಿರಲಿಲ್ಲ.

ಮಂಜಪ್ಪ ಮುಚ್ಚಳ ಬಿಚ್ಚಿ, ಪಂಚೆಯ ತುದಿಯಿಂದ ಒರೆಸಿ, ವೇದಿಕೆಯ ದೊಡ್ಡ ದೀಪದ ಬಿಸಿಗೆ ಎರಡು ನಿಮಿಷ ಹಿಡಿದು ಒಣಗಿಸಿದ. ಕಪ್ಪು ಟೇಪಿನ ತುಂಡೊಂದನ್ನು ಹಲ್ಲಲ್ಲಿ ಹರಿದು ತೂತಿಗೆ ಅಂಟಿಸಿದ. ಪೆಡಲ್ ಒತ್ತಿ ಒಂದು ಸ್ವರ ಮೀಟಿದೆ. ಒಡೆಯಲಿಲ್ಲ. ಮಂಜಪ್ಪನ ಮುಖದಲ್ಲಿ ಎರಡು ತಿಂಗಳ ಮೇಲೆ ರಕ್ತ ಓಡಿದ್ದು ನೋಡಿದೆ.

ಆಗ ನನಗೆ ಒಂದು ಉದಾತ್ತ ಯೋಚನೆ ಬಂತು. ನನ್ನ ಜೀವನದ ಅನಾಹುತಗಳೆಲ್ಲ ಉದಾತ್ತ ಯೋಚನೆಯಿಂದಲೇ ಶುರುವಾದವು. ಇದೇ ಊರಿನ ಮೈಕಿನಲ್ಲಿ ಅವನ ಹೆಸರು ಕೆಡಿಸಿದ್ದೆ, ಇದೇ ಮೈಕಿನಲ್ಲಿ ಸರಿಪಡಿಸಬೇಕು. ರುದ್ರಪ್ಪನವರು ಬೇಡ ಎನ್ನುವುದರೊಳಗೆ ಮುಂದೆ ಹೋಗಿ ಮೈಕು ಹಿಡಿದೆ.

"ಹೋದ ಸಲ ಇಲ್ಲಿ ಗಿಟಾರು ಕೆಟ್ಟಾಗ ನಾನು ಮಂಜಪ್ಪನವರ ಕೆಲಸವನ್ನು ಹಳಿದಿದ್ದೆ. ತಪ್ಪು ಅವರದಲ್ಲ, ನನ್ನದು. ನಾನು ಡಬ್ಬಿಗೆ ವಿಭೂತಿ ಹಚ್ಚುತ್ತಿದ್ದೆ. ಅದು ಒಳಗೆ ಇಳಿದು ಸ್ವರ ಕೆಡುತ್ತಿತ್ತು." ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮೇಷ್ಟ್ರೇ ಅಲ್ಲ. "ಯಾಕೆಂದರೆ ವಿಭೂತಿ ಎಂದರೆ ಮೂಲತಃ ಸಗಣಿಯ ಬೂದಿ. ನೀರು ಬಿದ್ದಾಗ ಅದು—"

ಮುಂದಿನ ಸಾಲಿನ ನಡುವೆ ಸಂಘದ ಗೌರವಾಧ್ಯಕ್ಷರು, ಬಿಳಿ ಪಂಚೆಯ ಹಿರಿಯರು, ಹಣೆಯ ತುಂಬ ವಿಭೂತಿ. ಅವರು ಮೆಲ್ಲಗೆ ಎದ್ದು ನಿಂತರು.

"ಎಂತ ಹೇಳ್ತಿದೀರಿ ಮೇಷ್ಟ್ರೆ? ವಿಭೂತಿಯಿಂದ ಕೆಡ್ತು ಅಂತನ?"

"ಹಾಗಲ್ಲ, ರಾಸಾಯನಿಕವಾಗಿ ನೋಡಿದರೆ—"

"ನಮ್ಮ ಮಕ್ಕಳಿಗೂ ಇದನ್ನೇ ಹೇಳಿಕೊಡೋದಾ ನೀವು?"

ಹಿಂದೆ ಕುರ್ಚಿಗಳು ಸರಿದ ಸದ್ದು. ಇನ್ನೂ ನಾಲ್ಕಾರು ಜನ ಎದ್ದರು. ರುದ್ರಪ್ಪನವರು ನನ್ನ ಅಂಗಿಯ ಹಿಂಭಾಗ ಹಿಡಿದು, "ಸತ್ಯಾನಾಶ ಮಾಡಿದ್ರಿ," ಎಂದು ಪಿಸುಗುಟ್ಟಿದರು. ನೌಕರಿ, ಮರ್ಯಾದೆ, ವಾಪಸ್ ಹೋಗುವ ವ್ಯಾನು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

ಆಗ ಮಂಜಪ್ಪ ವೇದಿಕೆ ಹತ್ತಿದ. ಊರಿನ ಮೈಕುಗಳನ್ನೆಲ್ಲ ರಿಪೇರಿ ಮಾಡಿದವನು, ಒಂದರಲ್ಲೂ ಮಾತಾಡಿದವನಲ್ಲ. ನನ್ನ ಕೈಯಿಂದ ಮೈಕು ತೆಗೆದುಕೊಂಡ.

"ಮೇಷ್ಟ್ರು ನನ್ನ ಮರ್ಯಾದೆ ಉಳಿಸಕ್ಕೆ ಹಂಗೆ ಹೇಳ್ತಿದಾರೆ. ವಿಭೂತಿಯಿಂದ ಎಂತದೂ ಆಗಿಲ್ಲ. ನಾನು ಹಾಕಿದ ಸೋಲ್ಡರೇ ಬಿಟ್ಟಿತ್ತು. ನನ್ನ ಕೆಲಸದಲ್ಲೇ ತಪ್ಪಿತ್ತು. ಈಗ ಸರಿ ಮಾಡಿದೀನಿ. ಎಲ್ಲ ಕೂತ್ಕಳಿ."

ಗೌರವಾಧ್ಯಕ್ಷರು, "ಹಂಗೆ ಹೇಳು ಮತ್ತೆ," ಎಂದು ಕೂತರು. ಅವರು ಕೂತಮೇಲೆ ಉಳಿದವರೂ ಕೂತರು. ಹಿಂದಿನಿಂದ ಯಾರೋ, "ಸಹಿ ಹಾಕಿದ್ಯೋ ಇಲ್ವೋ ಮಂಜಪ್ಪ?" ಎಂದರು. ಸಭೆಯೆಲ್ಲ ನಕ್ಕಿತು. ಅದು ನಾನು ಕಲಿಸಿಕೊಟ್ಟ ನಗೆ. ಈ ಸಲವೂ ಎರಡನೆಯ ಸಾಲಿಗೇ ಬಂದಿದ್ದ ಅವನ ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು.

ಮಂಜಪ್ಪ ಮೈಕನ್ನು ನನ್ನ ಕೈಗಿಟ್ಟು, "ಇನ್ನು ನುಡಿಸಿ," ಎಂದು ಇಳಿದುಹೋದ.

ಸುಳ್ಳು, ಇವನು ಹೇಳಿದ್ದು ಪೂರಾ ಸುಳ್ಳು ಎಂದು ಹೇಳಲೇಬೇಕಿತ್ತು. ಈ ಸಲ ನನಗೆ ಯಾವ ಉದಾತ್ತ ಯೋಚನೆಯೂ ಇರಲಿಲ್ಲ. ಮೈಕನ್ನು ಬಾಯಿಗೆ ಹಿಡಿದು, "ಇಲ್ಲ, ಕೇಳಿ," ಎಂದೆ. ಯಾರೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ಹಾರ್ನಿನಿಂದ ಏನೂ ಹೊರಡಲಿಲ್ಲ. ಕೈಯಲ್ಲಿದ್ದ ಮೈಕನ್ನು ತಿರುಗಿಸಿ ನೋಡಿದೆ. ನನಗೆ ಕೊಡುವಾಗಲೇ ಮಂಜಪ್ಪ ಅದರ ಸ್ವಿಚ್ಚು ಆರಿಸಿದ್ದ.